ಚಹಾ ಕಪ್ಪಿನಲ್ಲಿ ಕೂರುವ ನಾಯಿಮರಿಗೆ ಮುಂಗಡ ಕಳಿಸುವ ಮುನ್ನ

ನೀಲಿ ಹೂವಿನ ಚಹಾ ಕಪ್ಪು, ಅದರೊಳಗಿಂದ ಇಣುಕುವ ಕಿತ್ತಳೆ ಬಣ್ಣದ ಮರಿ. ಮೊಬೈಲಿಗೆ ಬಂದ ಫೋಟೊ ಅಷ್ಟೇ. ಕೆಳಗೆ ‘ಟೀಕಪ್ ಪೊಮೆರೇನಿಯನ್, ಎರಡು ತಿಂಗಳು, ಲಸಿಕೆ ಆಗಿದೆ, ಎಷ್ಟು ಬೆಳೆದರೂ ಒಂದು ಕಿಲೋ ದಾಟುವುದಿಲ್ಲ’ ಎಂದು ಬರೆದಿತ್ತು. ಬೆಲೆ 38,000 ರೂಪಾಯಿ, ಅರ್ಧ ಮುಂಗಡ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಹಗಲಿಡೀ ಒಬ್ಬರೇ ಇರುತ್ತಾರೆ. ಅವರಿಗೊಂದು ಜೊತೆಯಾಗಲಿ ಎಂದು ಹಣ ಕಳಿಸಿದೆ. ಮರಿ ಬಂದ ಒಂಬತ್ತನೆಯ ದಿನ ಅದನ್ನು ಹಿತ್ತಲಿನಲ್ಲಿ ಹೂಳಿದೆವು. ಇನ್ನೊಂದು ಮನೆಯಲ್ಲಿ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಈ ನಾಯಿ ನಮಗೆ ಗೊತ್ತಿರುವುದೇ ಎಂಬ ಧೈರ್ಯ ನನಗಿತ್ತು. ಚಿಕ್ಕವಳಿದ್ದಾಗ ಮನೆಯಲ್ಲಿದ್ದ ಬಿಳಿ ನಾಯಿ ಹಾಲು ಅನ್ನ ತಿಂದುಕೊಂಡೇ ಹದಿನಾಲ್ಕು ಮಳೆಗಾಲ ಬಾಳಿತ್ತು. ಊರೆಲ್ಲ ಅದನ್ನು ಪಮೇರಿಯನ್ ಎಂದೇ ಕರೆಯುತ್ತಿತ್ತು. ಆದರೆ ನಮ್ಮ ಮನೆಗಳಲ್ಲಿ ಆ ಹೆಸರಿನಿಂದ ಬೆಳೆದ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್, ಈ ದೇಶದ ಹವೆಗೆ ಒಗ್ಗಿದ ಬೇರೆಯೇ ತಳಿ. ಪೊಮೆರೇನಿಯನ್‌ಗೆ ಹೆಸರು ಬಂದದ್ದು ಬಾಲ್ಟಿಕ್ ಕಡಲತೀರದ, ಈಗ ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿರುವ ಪೊಮೆರೇನಿಯಾ ಸೀಮೆಯಿಂದ. ಅದರ ಪೂರ್ವಜರು ಇದಕ್ಕಿಂತ ಬಹಳ ದೊಡ್ಡವು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಮಾರ್ಕೊ ಎಂಬ ಪುಟ್ಟ ನಾಯಿಯನ್ನು ಕೊಂಡಳು. ಅಲ್ಲಿಂದ ಇಂಗ್ಲೆಂಡಿನಲ್ಲಿ ಸಣ್ಣದಕ್ಕೆ ಬೇಡಿಕೆ ಏರಿ, ತಲೆಮಾರಿನಿಂದ ತಲೆಮಾರಿಗೆ ಗಾತ್ರ ಇಳಿಯಿತು. ಇಂದು ಅಮೆರಿಕದ ಮಾನದಂಡದ ಪ್ರಕಾರ ಬೆಳೆದ ನಾಯಿಯ ತೂಕ 1.4ರಿಂದ 3.2 ಕಿಲೋ. ‘ಟೀಕಪ್’ ಎಂಬ ತಳಿಯನ್ನು ನಾಯಿಗಳ ತಳಿ ನೋಂದಾಯಿಸುವ ಪ್ರಮುಖ ಕೆನೆಲ್ ಕ್ಲಬ್‌ಗಳು ಒಪ್ಪುವುದಿಲ್ಲ. ಅದು ಮಾರುವವರು ಕಟ್ಟಿದ ಹೆಸರು.

ಮರಿ ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಶಿವಮೊಗ್ಗಕ್ಕೆ ಬಂತು. ಅಡುಗೆಮನೆಯ ತಕ್ಕಡಿಯಲ್ಲಿ 420 ಗ್ರಾಂ ತೂಗಿತು. ನಿಜವಾಗಿಯೂ ಟೀಕಪ್ಪೇ ಎಂದು ಹಿಗ್ಗಿದೆವು.

ಮೂರನೆಯ ಬೆಳಿಗ್ಗೆ ಅದು ಏಳಲಿಲ್ಲ. ಕಿವಿ, ಪಾದ ತಣ್ಣಗಾಗಿದ್ದವು, ಒಸಡು ಸುಣ್ಣದಂತೆ ಬಿಳಿಚಿತ್ತು, ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ವೈದ್ಯರಿಗೆ ಫೋನ್ ಮಾಡಿದಾಗ, ಜೇನುತುಪ್ಪವೋ ಜೋನಿಬೆಲ್ಲವೋ ಕೈಗೆ ಸಿಕ್ಕಿದ್ದನ್ನು ಒಸಡಿಗೆ ಸವರಿ, ಬೆಚ್ಚಗೆ ಸುತ್ತಿ ಕೂಡಲೇ ಕರೆತನ್ನಿ ಎಂದರು. ಅಮ್ಮ ಬೆರಳ ತುದಿಯಲ್ಲಿ ಜೋನಿಬೆಲ್ಲ ಸವರುತ್ತಾ ಕುಳಿತರು. ಹತ್ತು ನಿಮಿಷದ ಮೇಲೆ ಬಾಲದ ತುದಿ ಅಲ್ಲಾಡಿತು. ಇಷ್ಟು ಸಣ್ಣ ಮೈಯಲ್ಲಿ ಸಕ್ಕರೆಯ ದಾಸ್ತಾನು ಹೆಚ್ಚಿರುವುದಿಲ್ಲ. ಕೆಲವೇ ಗಂಟೆ ಹೊಟ್ಟೆ ಖಾಲಿಯಿದ್ದರೂ ರಕ್ತದಲ್ಲಿ ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು ಬರುತ್ತದೆ.

ಶಿವಮೊಗ್ಗದ ವೈದ್ಯರು ಮರಿಯ ತುಟಿ ಸರಿಸಿ ನನ್ನನ್ನು ಹತ್ತಿರ ಕರೆದರು. ‘ಇಲ್ಲಿ ನೋಡಿ ಮೇಡಂ, ಮುಂದಿನ ಹಲ್ಲು ಬಂದಿವೆ, ಹಿಂದಿನ ಒಸಡು ಇನ್ನೂ ಬೋಳು. ಎರಡು ತಿಂಗಳಾಗಿದ್ದರೆ ಹಾಲುಹಲ್ಲು ಬಹುಮಟ್ಟಿಗೆ ತುಂಬಿರಬೇಕಿತ್ತು. ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು.’ ಆಗ ಆ ಫೋಟೊ ನನಗೆ ಅರ್ಥವಾಯಿತು. ಹಾಲು ಬಿಡುವ ಮುನ್ನವೇ ತಾಯಿಯಿಂದ ಕಿತ್ತರೆ ಪೊಮೆರೇನಿಯನ್‌ನ ಯಾವ ಮರಿಯಾದರೂ ಕಪ್ಪಿನಲ್ಲಿ ಕೂರುತ್ತದೆ. ನಾನು ಹೆಚ್ಚು ಹಣ ಕೊಟ್ಟು ಕೊಂಡದ್ದು ಅದರ ಎಳೆತನವನ್ನು.

ಲಸಿಕೆ ಪುಸ್ತಕವನ್ನೂ ಅವರೇ ತೋರಿಸಿದರು. ಲಸಿಕೆ ಹಾಕಿದವರು ಶೀಶೆಯ ಮೇಲಿನ ಚೀಟಿಯನ್ನು ಅಂಟಿಸಿ ಸಹಿ, ಮೊಹರು ಹಾಕುತ್ತಾರೆ. ನಮ್ಮದರಲ್ಲಿ ಪೆನ್ನಿನಲ್ಲಿ ಗೀಚಿದ ಎರಡು ತಾರೀಖು ಬಿಟ್ಟರೆ ಏನೂ ಇರಲಿಲ್ಲ.

ಆರನೆಯ ದಿನ ವಾಂತಿ, ನಂತರ ರಕ್ತಭೇದಿ. ಪಾರ್ವೊ, ಮರಿಗಳ ಕರುಳಿಗೆ ತಗಲುವ ವೈರಾಣು ರೋಗ. ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವುದರಿಂದ, ಮಾರಿದವನ ಗೂಡಿನಿಂದಲೋ ದಾರಿಯಿಂದಲೋ ಬಂದಿರಬೇಕು. ಡ್ರಿಪ್ ಹಾಕಲು ಆ ಕಾಲಿನಲ್ಲಿ ನರ ಸಿಗುವುದೇ ಕಷ್ಟವಾಗಿತ್ತು. ಚಿಕಿತ್ಸೆಗೆ 16,000 ರೂಪಾಯಿ ಹೋಯಿತು. ಹಣದ ಮಾತು ಅಷ್ಟಕ್ಕೆ ಸಾಕು. ಮೂರು ರಾತ್ರಿ ಅದು ಪಟ್ಟ ಪಾಡನ್ನು ನೋಡಿದ ಅಮ್ಮ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ.

2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ. ಮರಿ ತಾಯಿಯ ಜೊತೆಗಿರುವುದನ್ನು, ಅವು ಇರುವ ಜಾಗವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ‘ತಾಯಿ ಬೇರೆ ಊರಿನಲ್ಲಿದೆ’ ಎಂದರೆ ಅಲ್ಲಿಗೇ ಬಿಡಿ. ನನಗೂ ಮಾರಿದವನು ಅದನ್ನೇ ಹೇಳಿದ್ದ. ಹೇಗೋ ಮರಿ ಬದುಕಿದರೂ ಈ ತಳಿಗೆ ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿಯುವುದು, ಬೇಗ ಹಲ್ಲು ಉದುರುವುದು ಸಾಮಾನ್ಯ. ನಮ್ಮ ಮಲೆನಾಡಿನಲ್ಲಿ ಎರಡು ಪದರದ ಆ ತುಪ್ಪಳ ಜೂನ್‌ನಿಂದ ಒಣಗುವುದೇ ಇಲ್ಲ, ಒಳಗೆ ರಕ್ತ ಹೀರುವ ಉಣುಗು ಕೂತರೆ ಕಾಣುವುದೂ ಇಲ್ಲ. ದಿನವೂ ಬೆರಳಾಡಿಸಿ ನೋಡುವ ವ್ಯವಧಾನ ಇರಬೇಕು. ಪಾರ್ವೊ ಬಂದು ಹೋದ ಮನೆಯ ಅಂಗಳದಲ್ಲಿ ಆ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ಕೂಡಲೇ ತರಬೇಡಿ.

ನಾನು ವಿಷಯ ತಿಳಿಸಿದಾಗ ಮಾರಿದವನು ‘ಇನ್ನೊಂದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಮೇಡಂ’ ಎಂದ. ಮೊನ್ನೆ ಪರಿಚಯದವರೊಬ್ಬರು ಹೊಸ ಜಾಹೀರಾತೊಂದನ್ನು ಕಳಿಸಿದರು. ಅದೇ ನೀಲಿ ಹೂವಿನ ಕಪ್ಪು, ಒಳಗೆ ಬಿಳಿ ಮರಿ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ತಲುಪಿಸಲಾಗುವುದು ಎಂದು ಕೆಳಗೆ ಬರೆದಿದೆ.