ಜಿಪಿಎಸ್ ಇದೆ ಅಂತ ಅಗ್ಗದ ಟ್ಯಾಬ್ ತಗೊಳ್ಳೋರು ಒಂದ್ಸಲ ಓದಿ

ಗಾಡೀಲಿ ದಾರಿ ನೋಡೋಕೆ ಅಂತಲೇ ಏಳಿಂಚಿನ ಕಮ್ಮಿ ರೇಟಿನ ಟ್ಯಾಬ್ ಒಂದು ತಗೊಂಡಿದ್ದೆ, ಬಾಕ್ಸ್ ಮೇಲೆ ದೊಡ್ಡದಾಗಿ "ಬಿಲ್ಟ್-ಇನ್ ಜಿಪಿಎಸ್" ಅಂತ ಇತ್ತು. ಕಂಪನಿ ಹೆಸರು ಬೇಡ. ಮನೇಲಿ ಆನ್ ಮಾಡಿದ ತಕ್ಷಣ ನೀಲಿ ಚುಕ್ಕೆ ಸರಿಯಾಗಿ ನಮ್ಮನೆ ಮೇಲೇ ಬಂದು ಕೂತ್ಕೊಳ್ತು. ಆದ್ರೆ ದಯವಿಟ್ಟು ಇದನ್ನ ನಂಬ್ಬೇಡಿ, ಅದು ಜಿಪಿಎಸ್ಸೇ ಅಲ್ಲ, ಸುತ್ತಮುತ್ತ ಇರೋ ವೈಫೈ ರೂಟರ್‌ಗಳನ್ನ ನೋಡಿ ಜಾಗ ಅಂದಾಜು ಮಾಡಿರುತ್ತೆ ಅಷ್ಟೇ.

ಹೈವೇಗೆ ಬಂದ್ಮೇಲೆ ಬಂಡವಾಳ ಬಯಲಾಯ್ತು. ಚುಕ್ಕೆ ರಸ್ತೆ ಬಿಟ್ಟು ಗದ್ದೆ ಒಳಗೆ ಓಡ್ತಿತ್ತು, "ಎಡಕ್ಕೆ ತಿರುಗಿ" ಅನ್ನೋ ಹೊತ್ತಿಗೆ ಕ್ರಾಸ್ ದಾಟಿ ಆಗಿರ್ತಿತ್ತು, ಫ್ಲೈಓವರ್ ಕೆಳಗೆ ಹೋದ ಸಿಗ್ನಲ್ಲು ಆಚೆ ಬಂದು ಸುಮಾರು ದೂರ ಹೋದ್ರೂ ವಾಪಸ್ ಬರ್ತಿರ್ಲಿಲ್ಲ. ರಾತ್ರಿ ಹೊತ್ತು ಗೊತ್ತಿಲ್ಲದ ಜಾಗದಲ್ಲಿ ಹಿಂಗಾದ್ರೆ ಏನ್ ಗತಿ ಹೇಳಿ.

ಆಮೇಲೆ ಸ್ಯಾಟಲೈಟ್ ಸಿಗ್ನಲ್ ತೋರ್ಸೋ ಫ್ರೀ ಆಪ್ ಹಾಕಿ ಬಯಲಲ್ಲಿ ನಿಂತು ನೋಡಿದೆ. ಸ್ಯಾಟಲೈಟ್‌ಗಳ ನಂಬರ್ ಎಲ್ಲಾ ಬರುತ್ತೆ, ಆದ್ರೆ ಸಿಗ್ನಲ್ ಎಷ್ಟು ಸ್ಟ್ರಾಂಗ್ ಇದೆ ಅಂತ ತೋರ್ಸೋ ಬಾರ್‌ಗಳು 20ರ ಆಸುಪಾಸಲ್ಲೇ ಒದ್ದಾಡ್ತಿದ್ವು, ಪಕ್ಕದಲ್ಲೇ ಇಟ್ಟ ನನ್ನ ಹಳೇ ಫೋನಲ್ಲಿ ಅದೇ ಸ್ಯಾಟಲೈಟ್‌ಗಳು 35, 40 ತೋರಿಸ್ತಿದ್ವು. ಜಿಪಿಎಸ್ ಸ್ಯಾಟಲೈಟ್ ಇರೋದು ಸುಮಾರು 20,200 ಕಿಮೀ ಮೇಲೆ, ಅಲ್ಲಿಂದ ಬರೋ ಸಿಗ್ನಲ್ ವಿಪರೀತ ವೀಕು, ಆಂಟೆನಾ ಕಳಪೆ ಇದ್ರೆ ಚಿಪ್ ಎಂಥದ್ದಿದ್ರೂ ಅಷ್ಟೇ. ಅದ್ರ ಮೇಲೆ ಇದ್ರಲ್ಲಿ ಸಿಮ್ ಇಲ್ಲ. ಸಿಮ್ ಇರೋ ಫೋನು ಸ್ಯಾಟಲೈಟ್ ಎಲ್ಲೆಲ್ಲಿದೆ ಅನ್ನೋ ಮಾಹಿತಿನ ನೆಟ್‌ನಿಂದ ಬೇಗ ಎಳ್ಕೊಳ್ಳುತ್ತೆ, ಇದು ಅದನ್ನ ಸ್ಯಾಟಲೈಟ್‌ನಿಂದಲೇ ಕೇಳಿಸ್ಕೊಳ್ಬೇಕು, 30 ಸೆಕೆಂಡಿಗೊಂದ್ಸಲ ರಿಪೀಟ್ ಆಗುತ್ತೆ, ಮಧ್ಯದಲ್ಲಿ ಸಿಗ್ನಲ್ ಕಟ್ ಆದ್ರೆ ತಪ್ಪಿದ ಭಾಗ ಮತ್ತೆ ಬರೋವರ್ಗೂ ಕಾಯ್ಬೇಕು. ಹಿಂಗೆ ಕನಿಷ್ಠ ನಾಲ್ಕು ಸ್ಯಾಟಲೈಟ್ ಸಿಕ್ರೇನೇ ಜಾಗ ಸರಿಯಾಗಿ ಗೊತ್ತಾಗೋದು.

ಕಂಪಾಸ್ ಸೆನ್ಸರ್ ಕೂಡ ಇಲ್ಲ, ನಿಂತಲ್ಲಿ ಬಾಣ ತಿರುಗಲ್ಲ. ಬಿಸಿಲಿಗೆ ಬ್ರೈಟ್‌ನೆಸ್ ಫುಲ್ ಇಟ್ರೆ ಕಾರ್ ಚಾರ್ಜರ್ ಹಾಕಿದ್ರೂ ಬ್ಯಾಟರಿ ಇಳೀತಾನೇ ಇರುತ್ತೆ.

ಕಸ್ಟಮರ್ ಕೇರ್‌ನೋರು "ಅಪ್‌ಡೇಟ್ ಬರುತ್ತೆ ಸರ್, ಸರಿಹೋಗುತ್ತೆ" ಅಂತ ಹೇಳ್ತಾ ಹೇಳ್ತಾ ರಿಟರ್ನ್ ಟೈಮ್ ಮುಗಿಸಿಬಿಟ್ರು. ಅಪ್‌ಡೇಟಿಂದ ಆಂಟೆನಾ ಬದಲಾಗುತ್ತಾ? ಇದೇ ನಂಗೆ ಜಾಸ್ತಿ ಸಿಟ್ಟು ತರ್ಸಿದ್ದು.

ಆಗ್ಲೇ ತಗೊಂಡಿದ್ರೆ ಇವತ್ತೇ ವೈಫೈ ಆಫ್ ಮಾಡಿ, ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ವೈಫೈ ಸ್ಕ್ಯಾನಿಂಗ್ ಅಂತ ಬೇರೆ ಇರುತ್ತೆ ಅದನ್ನೂ ಆಫ್ ಮಾಡಿ, ಹೊರಗೆ ಬಯಲಲ್ಲಿ ಹತ್ತು ನಿಮಿಷ ಇಟ್ಟು ನೋಡಿ. ಬಾರ್ ಮೇಲೇಳ್ಲಿಲ್ಲ ಅಂದ್ರೆ ಸ್ಕ್ರೀನ್‌ಶಾಟ್ ಹಾಕಿ ಅವತ್ತೇ ರಿಟರ್ನ್ ಕೇಳಿ.