25 ರೂಪಾಯಿಯ ಟೇಪು, ಎಂಟು ತಿಂಗಳ ಸೊಂಟದ ಅಳತೆ

ಟೈಲರಿಂಗ್ ಸಾಮಾನಿನ ಅಂಗಡಿಯಿಂದ ತಂದ ಹಳದಿ ಟೇಪು. ಬಟ್ಟೆಗಲ್ಲ, ನನ್ನ ಸೊಂಟ ಎಷ್ಟು ಬಿಗಿದಿದೆ ಅಂತ ನೋಡಲು. ನನ್ನ ಫಿಸಿಯೋಥೆರಪಿಸ್ಟ್ ಕೂಡ ಇಂಥದ್ದೇ ಟೇಪು ತೆಗೆಯುತ್ತಿದ್ದರು. ಹೋದಾಗಲೆಲ್ಲ 500 ರೂಪಾಯಿ. ಅಳತೆಯಾದರೂ ಮನೆಯಲ್ಲೇ ಆಗಲಿ ಅನ್ನಿಸಿತು.

ಇದಕ್ಕೆ ಶೋಬರ್ ಪರೀಕ್ಷೆ ಎನ್ನುತ್ತಾರೆ. 1937ರದ್ದು, 1969ರಲ್ಲಿ ತಿದ್ದಿದ್ದಾರೆ. ಸೊಂಟದ ಹಿಂದೆ ಎರಡು ಗುಳಿ ಇರುತ್ತವಲ್ಲ, ಅವುಗಳ ನೇರಕ್ಕಿಂತ 10 ಸೆಂ.ಮೀ. ಮೇಲೊಂದು ಗುರುತು, 5 ಸೆಂ.ಮೀ. ಕೆಳಗೊಂದು. ಮಂಡಿ ಮಡಚದೆ ಬಗ್ಗಿದಾಗ ಅವೆರಡರ ನಡುವಿನ 15 ಸೆಂ.ಮೀ. ಕನಿಷ್ಠ 20 ಆಗಬೇಕು. ನನ್ನದು ಶುರುವಿನಲ್ಲಿ 19.

ಎದ್ದ ತಕ್ಷಣ ಅಳೆಯುವ ಹಾಗಿಲ್ಲ. ರಾತ್ರಿಯೆಲ್ಲ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ನೀರು ಹೀರಿ ಉಬ್ಬಿರುತ್ತದೆ, ಆಗ ಪೂರ್ತಿ ಬಗ್ಗಬಾರದು. ಹಾಗಾಗಿ ಕಾಫಿ, ಪೇಪರ್ ಎಲ್ಲ ಮುಗಿಸಿ ಬನಿಯನ್ ಎತ್ತಿಕೊಂಡು ನಿಲ್ಲುತ್ತೇನೆ. ಗುರುತು ಹಾಕುವುದು ಹೆಂಡತಿ. ಬಾಲ್ ಪೆನ್ನು ಚರ್ಮಕ್ಕೆ ಹಿಡಿಯಲಿಲ್ಲ, ಅವಳ ಕಾಡಿಗೆ ಪೆನ್ಸಿಲ್ಲೇ ಸರಿಹೋಯಿತು. ಟೇಪಿನ ತುದಿಯ ತಗಡು ತಣ್ಣಗೆ ತಾಗಿ ನಾನು ಬೆಚ್ಚಿದರೆ "ಅಲ್ಲಾಡಬೇಡ್ರೀ" ಎಂದು ಗದರುತ್ತಾಳೆ.

ಈಗ ದೂರು. ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್. ನಾನು ಬಗ್ಗುವ ಹೊತ್ತಿಗೆ ಸರಿಯಾಗಿ ಮಗುಚಿಕೊಳ್ಳುತ್ತದೆ. ಬ್ಲೌಸ್ ಅಳತೆಯಲ್ಲಿ ಪಳಗಿದ ನನ್ನಾಕೆ "ಎಂಟು" ಎನ್ನುತ್ತಾಳೆ. ಎಂಟು ಏನೇ? "ಇಂಚು, ಇನ್ನೇನು?" ತಲೆ ಕೆಳಗೆ ಮಾಡಿಕೊಂಡು 2.54ರಿಂದ ಗುಣಿಸಿ ನೋಡಿ, ಗೊತ್ತಾಗುತ್ತದೆ. ಮೊದಲ ತಿಂಗಳ ಅರ್ಧ ಲೆಕ್ಕ ಹೀಗೇ ಕೆಟ್ಟಿತು. ಅವಳು ತವರಿಗೆ ಹೋದ ವಾರವಂತೂ ಅಳತೆಯೇ ಇಲ್ಲ.

ಎಸೆದುಬಿಡುತ್ತಿದ್ದೆ. ಆದರೆ ಒಂದು ದಿನ ಎದ್ದಾಗಿನಿಂದ ಸೊಂಟ ಒನಕೆಯ ಹಾಗೆ ಸೆಟೆದಿತ್ತು. 18 ದಾಟಿದರೆ ಜಾಸ್ತಿ ಅಂದುಕೊಂಡೆ. ಬಂದದ್ದು 20.5. ಮತ್ತೆ ಅಳೆಸಿದೆ, ಅಷ್ಟೇ ಬಂತು.

ಫಿಸಿಯೋಗೆ ಆಶ್ಚರ್ಯವೇ ಆಗಲಿಲ್ಲ. 2017ರ ಒಂದು ಅಧ್ಯಯನದ ಬಗ್ಗೆ ಹೇಳಿದರು. ಬೆನ್ನು ಬಿಗಿದಿದೆ ಎನ್ನುವವರ ಬೆನ್ನನ್ನು ಯಂತ್ರದಿಂದ ಒತ್ತಿ ನೋಡಿದರೆ, ಅವರಿಗೆ ಅನ್ನಿಸಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ತಾಳೆಯೇ ಆಗಲಿಲ್ಲವಂತೆ. ಬೆನ್ನನ್ನು ಕಾಪಾಡಿಕೊಳ್ಳಲು ಮಿದುಳು ಹಾಗೆ ಅನ್ನಿಸುವಂತೆ ಮಾಡುತ್ತಿರಬಹುದಂತೆ. ಅದು ಒತ್ತಿ ನೋಡುವ ಅಳತೆ, ನಮ್ಮದು ಬಗ್ಗಿ ನೋಡುವುದು, ನಿಜ. ಆದರೂ ಆ 20.5 ನೋಡಿದ ಮೇಲೆ ಬಕೆಟ್ ಎತ್ತುವಾಗ ಮೊದಲಿನ ಹೆದರಿಕೆ ಇಲ್ಲ. ಈಗ ತಿಂಗಳಿಗೊಂದು ಸಲ ಅಳೆದರೆ ಸಾಕಾಗಿದೆ.

ತಗೊಳ್ಳುವವರು ಎರಡೂ ಬದಿ ಸೆಂಟಿಮೀಟರ್ ಇರುವುದು ಸಿಗುತ್ತಾ ಕೇಳಿ ನೋಡಿ. ನಾನು ಕೇಳಿದೆ. ಅಂಗಡಿಯವರು "ಯಾರಿಗೆ ಸಾರ್ ಹೊಲಿಯೋದು?" ಎಂದು ನಕ್ಕರು.