ಉಪ್ಪುಕಾಗದದ ಕನ್ನಡ ಅಕ್ಷರ ಕಾರ್ಡು: ತರಗತಿಗೆ ಎಷ್ಟು ಉಪಯೋಗ?

ಮೈಸೂರಿನ ಕಲಿಕಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಈ ಸೆಟ್ಟಿನಲ್ಲಿ ಉಪ್ಪುಕಾಗದದಲ್ಲಿ (ಸ್ಯಾಂಡ್‌ಪೇಪರ್) ಕತ್ತರಿಸಿ ರಟ್ಟಿಗೆ ಅಂಟಿಸಿದ ವರ್ಣಮಾಲೆಯ 49 ಅಕ್ಷರಗಳಿವೆ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವಲ್ಲಿ ತೊಡಕು, ಇರುವ ಮಕ್ಕಳಿಗೆ ಕಣ್ಣು, ಕಿವಿ, ಬೆರಳು ಮೂರನ್ನೂ ಒಟ್ಟಿಗೆ ದುಡಿಸಿ ಕಲಿಸಲು ಒಳ್ಳೆಯ ಸಾಧನ.

ಮಗು ತೋರುಬೆರಳು, ನಡುಬೆರಳು ಜೋಡಿಸಿ ಬರೆಯುವ ದಿಕ್ಕಿನಲ್ಲೇ ತೀಡಬೇಕು, ತೀಡುತ್ತಲೇ ಅಕ್ಷರವನ್ನು ಉಚ್ಚರಿಸಬೇಕು. ಆಮೇಲೆ ಕಾರ್ಡು ಮುಚ್ಚಿಟ್ಟು ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ನೆನಪಿನಿಂದ ಬರೆಸಿ. ಒಮ್ಮೆಗೆ ಎರಡು ಮೂರು ಅಕ್ಷರ ಸಾಕು. ಬ–ಭ, ದ–ಧ ಜೋಡಿಗಳನ್ನು ಒಂದೇ ದಿನ ಕೊಡಲೇಬೇಡಿ. ಮೊದಲನೆಯದು ಗಟ್ಟಿಯಾಗುವ ಮುಂಚೆ ಎರಡನೆಯದು ಬಂದರೆ ಎರಡೂ ಕಲಸಿಹೋಗುತ್ತವೆ.

ದೊಡ್ಡ ಕೊರತೆಯೆಂದರೆ ಗುಣಿತ, ಒತ್ತಕ್ಷರಗಳೇ ಇಲ್ಲ. ಕನ್ನಡ ಓದುವ ಮಕ್ಕಳು ಹೆಚ್ಚು ಎಡವುವುದು ಅಲ್ಲೇ ಅಲ್ಲವೇ? ‘ಶಕ್ತಿ’ಯಲ್ಲಿ ಗುಡಿಸು ಕೂತಿರುವುದು ‘ಕ’ದ ಮೇಲೆ, ‘ಇ’ ಕೇಳುವುದು ‘ತ’ದ ನಂತರ. ಹಾಗಾಗಿ ಮಗು ‘ಶಕಿತ’ ಎಂದು ಓದಿದರೆ ಅದು ಸೋಮಾರಿತನವಲ್ಲ. ಹಾರ್ಡ್‌ವೇರ್ ಅಂಗಡಿಯಿಂದ 120 ನಂಬರಿನ ಉಪ್ಪುಕಾಗದ ತಂದು ಒತ್ತುಗಳನ್ನು ಬೇರೆ ಬಣ್ಣದ ರಟ್ಟಿನ ಮೇಲೆ ನೀವೇ ಅಂಟಿಸಿಕೊಳ್ಳಿ. 80 ನಂಬರು ಬೇಡ, ಅದು ಇನ್ನೂ ಒರಟು, ಬೆರಳಿಗೆ ಚುಚ್ಚುತ್ತದೆ. ಒರಟು ಸ್ಪರ್ಶ ಸಹಿಸದ ಆಟಿಸಂ ಇರುವ ಮಕ್ಕಳಿಗೆ ವೆಲ್ವೆಟ್ ಬಟ್ಟೆಯಲ್ಲಿ ಕತ್ತರಿಸಿ.

ಇಷ್ಟಾದರೂ ಓದು ಮುಂದುವರಿಯದಿದ್ದರೆ ಕಾರ್ಡುಗಳನ್ನೇ ನೆಚ್ಚಿಕೊಂಡು ಕೂರಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನವರಿಗೆ ಕಿವಿ ಪರೀಕ್ಷೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಡಿಸ್ಲೆಕ್ಸಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ.